ಬ್ರೇಕಿನ ಗಾಳಿ ತೆಗೆಯುವಾಗ ಎದ್ದು ನಿಲ್ಲುವ ಕುರಿತು

ಉಪವಿಭಾಗೀಯ ಅಧಿಕಾರಿಯವರ ಕಚೇರಿ, ಹುಮನಾಬಾದ
(ಮೊಹರಿನಲ್ಲಿ ಇಲಾಖೆಯ ಹೆಸರು ಸವೆದುಹೋಗಿದೆ, ಹೊಸ ಮೊಹರು ಬರುವವರೆಗೆ ಊಹಿಸಿಕೊಳ್ಳತಕ್ಕದ್ದು)

ಸಂಖ್ಯೆ: ಉವಿ/ಜೀಪು/ಗಾಳಿ/31/2024-25
ದಿನಾಂಕ: 19-11-2024

ಸುತ್ತೋಲೆ

ವಿಷಯ: ಇಲಾಖಾ ಜೀಪಿನ ಬ್ರೇಕಿನಿಂದ ಗಾಳಿ ತೆಗೆಯುವಾಗ, ಪೆಡಲ್ ತುಳಿದು ಕುಳಿತ ಸಿಬ್ಬಂದಿಯು ಮೇಲಧಿಕಾರಿಗಳನ್ನು ಕಂಡು ಎದ್ದು ನಿಲ್ಲುವ ಹಾಗೂ ನಿಲ್ಲದಿರುವ ಬಗ್ಗೆ.

ಉಲ್ಲೇಖ: 1. ಬಸವಕಲ್ಯಾಣ ಶಾಖಾಧಿಕಾರಿ ಶ್ರೀ ಪ್ರೇಮಕುಮಾರ ಅವರ ದೂರು.
2. ಅದೇ ಶಾಖೆಯ ಅಟೆಂಡರ್ ಶ್ರೀಮತಿ ಜಗದೇವಿ ಅವರ ಹೇಳಿಕೆ.
3. ಮಿಸ್ತ್ರಿ ಕಾಸಿಂ ಅವರು ಜೀಪಿನ ಅಡಿಯಲ್ಲಿ ಮಲಗಿಕೊಂಡು ನೀಡಿದ ಹೇಳಿಕೆ.

ಬಸವಕಲ್ಯಾಣ ಶಾಖೆಯ ಜೀಪಿನ ಬ್ರೇಕ್ ಕೊಳವೆಯನ್ನು ಬದಲಿಸಿದಾಗ ಅದರೊಳಗೆ ಗಾಳಿ ಸೇರಿಕೊಂಡು ಪೆಡಲ್ ಮೆತ್ತಗಾಗಿತ್ತು. ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ತಿರುಪು ಸಡಿಲಿಸಿ, ಗುಳ್ಳೆಗಳ ಸಮೇತ ಎಣ್ಣೆ ಬಂದ ಮೇಲೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ಎತ್ತಿದರೆ ಹೋದ ಗಾಳಿ ಮರಳಿ ಬರುತ್ತದೆ. ಚಾಲಕರು ರಜೆಯ ಮೇಲಿದ್ದುದರಿಂದಲೂ, ಗುಮಾಸ್ತರು ತಮ್ಮ ಕಾಲುಗಳು ಕರ್ತವ್ಯ ಪಟ್ಟಿಯಲ್ಲಿಲ್ಲವೆಂದು ತಿಳಿಸಿದ್ದರಿಂದಲೂ, ಮಿಸ್ತ್ರಿಗೆ ನೀರು ಕೊಡಲು ಬಂದಿದ್ದ ಶ್ರೀಮತಿ ಜಗದೇವಿ ಅವರನ್ನು ಸೀಟಿನಲ್ಲಿ ಕೂರಿಸಲಾಗಿದೆ.

ಹುಮನಾಬಾದಿನ ಸಭೆಗೆ ತಡವಾಗುತ್ತಿದ್ದ ಶ್ರೀ ಪ್ರೇಮಕುಮಾರ ಅವರು ಕೆಲಸ ಮುಗಿಯಿತೇ ಎಂದು ಕೇಳಲು ಹೊರಗೆ ಬಂದಿದ್ದಾರೆ. ಕೂಡಲೇ ಸದರಿ ಅಟೆಂಡರ್ ಕೆಳಗಿಳಿದು, ಸೆರಗು ಸರಿಪಡಿಸಿಕೊಂಡು ನಿಂತಿದ್ದಾರೆ. ಗಾಳಿ ಮರಳಿ ಒಳಗೆ ಹೋಗಿದೆ. ಸಾಹೇಬರು ನಾಲ್ಕು ಸಲ ಬಂದಿದ್ದು, ನಾಲ್ಕು ಸಲವೂ ಹೀಗೇ ಆಗಿದೆ. ನಾಲ್ಕನೆಯ ಸಲ ಜೀಪಿನ ಅಡಿಯಿಂದ, "ಅಕ್ಕಾ, ಮತ್ತ ಎದ್ರೇನ್ರಿ?" ಎಂಬ ದನಿ ಕೇಳಿಬಂದಿರುವುದು ದಾಖಲಾಗಿದೆ.

ಐದನೆಯ ಸಲ ಸದರಿಯವರು ಏಳಲಿಲ್ಲ. ಯಾರು ಬಂದಾರ ಕಾಣಂಗಿಲ್ಲೇನು ಎಂದು ಕೇಳಲಾಗಿ, ಎದುರಿನ ಗಾಜಿನಿಂದ ದೃಷ್ಟಿ ತೆಗೆಯದೆ ಕೆಳಕಂಡಂತೆ ಉತ್ತರಿಸಿದ್ದಾರೆ:

"ಕಾಣ್ತದ್ರಿ ಸಾಹೇಬ್ರ. ಈಗ ನಾ ಎದ್ರ ನಿಮಗ ಮರ್ಯಾದಿ ಸಿಗ್ತದ, ಬ್ರೇಕ್ ಸಿಗಂಗಿಲ್ರಿ."

ಇದನ್ನು ಅವಿಧೇಯತೆಯೆಂದು ಪರಿಗಣಿಸಿ, ಸದರಿಯವರನ್ನು ಹುಲಸೂರಿಗೆ ವರ್ಗಾಯಿಸಲು ಪ್ರಸ್ತಾವನೆ ಬಂದಿದೆ. ಆಗ ಅವರ ಮುಖದಲ್ಲಿ ನಗೆ ಇತ್ತೆಂಬುದು ಹೆಚ್ಚುವರಿ ಆರೋಪ. ವಿಚಾರಣೆಯಲ್ಲಿ ಅವರು, ಅದು ನಗೆಯಲ್ಲವೆಂದೂ, ಇಪ್ಪತ್ತೆರಡು ವರ್ಷ ಬೂಟಿನ ಸಪ್ಪಳ ಕೇಳಿದಾಗಲೆಲ್ಲ ಬಾಯಲ್ಲಿ ತುತ್ತಿದ್ದರೂ ಎದ್ದಿರುವುದಾಗಿಯೂ, ಅಂದು ಸಾಹೇಬರು ನಿಂತಿದ್ದು ತಾವು ಕುಳಿತಿದ್ದ ಆ ಎರಡು ನಿಮಿಷ ತಮ್ಮ ಉಸಿರು ತಮಗೇ ಕೇಳಿಸಿತೆಂದೂ ತಿಳಿಸಿದ್ದಾರೆ. ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಲಾಗಿ, ಈ ಸ್ಥಿತಿಗೆ ಯಾವ ಹೆಸರೂ ದೊರೆತಿಲ್ಲ.

ಅದೇ ದಿನ ಶ್ರೀ ಪ್ರೇಮಕುಮಾರ ಅವರು ಸ್ವತಃ ಚಲಾಯಿಸಿದ ಜೀಪು, ಹುಮನಾಬಾದಿನ ಹತ್ತಿರ ರಸ್ತೆಯಲ್ಲಿ ಮಲಗಿದ್ದ ಎಮ್ಮೆಗಳಿಂದ ಎರಡು ಮೊಳ ದೂರದಲ್ಲಿ ನಿಂತಿದೆ. ಎಮ್ಮೆಗಳೂ ಅವರನ್ನು ಕಂಡು ಎದ್ದಿಲ್ಲ. ಅವುಗಳ ವಿರುದ್ಧ ದೂರು ಬಂದಿಲ್ಲ.

ಈ ಎಲ್ಲವನ್ನೂ ಗಮನಿಸಿ, ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ತಿರುಪು ಸಡಿಲವಾಗಿರುವಾಗ ಪೆಡಲ್ ಮೇಲೆ ಕಾಲಿಟ್ಟವರು ಯಾರು ಬಂದರೂ ಏಳತಕ್ಕದ್ದಲ್ಲ.

2. ಗೌರವ ಸೂಚಿಸಲೇಬೇಕೆನಿಸಿದಲ್ಲಿ, ಬಿಡುವಾಗಿರುವ ಎಡಗಾಲಿನ ಹೆಬ್ಬೆರಳನ್ನು ಒಮ್ಮೆ ಎತ್ತಿ ಇಳಿಸಬಹುದು. ಅಧಿಕಾರಿಗಳು ಬಗ್ಗಿ ನೋಡಿ ಸ್ವೀಕರಿಸತಕ್ಕದ್ದು. ಸೊಂಟನೋವುಳ್ಳವರು ಬೆರಳು ಎತ್ತಲಾಗಿದೆಯೆಂದು ನಂಬತಕ್ಕದ್ದು.

3. ಕೈಮುಗಿಯಲು ಅಭ್ಯಂತರವಿಲ್ಲ. ಆದರೆ ಹಣೆ ತಗಲಿ ಹಾರ್ನ್ ಮೊಳಗಿದಲ್ಲಿ ಅದನ್ನು ಹೆಚ್ಚಿನ ಗೌರವವೆಂದು ಪರಿಗಣಿಸಲಾಗುವುದಿಲ್ಲ.

4. ಅಧಿಕಾರಿ ನಿಂತಿರುವಾಗ ಅವರಿಗಿಂತ ಮೇಲಿನ ಅಧಿಕಾರಿ ಬಂದಲ್ಲಿ, ಈಗಾಗಲೇ ನಿಂತಿರುವವರು ಪೆಡಲ್ ತುಳಿಯುವವರ ಪರವಾಗಿಯೂ ನಿಂತಿರುವರೆಂದು ತಿಳಿಯತಕ್ಕದ್ದು.

5. ಜೀಪಿನ ಅಡಿಯಲ್ಲಿ ಮಲಗಿರುವುದು ಅಗೌರವವೇ ಎಂದು ಕಾಸಿಂ ಮಿಸ್ತ್ರಿ ಕೇಳಿದ್ದಾರೆ. ಕಾನೂನು ಅಭಿಪ್ರಾಯ ಬರುವವರೆಗೆ ಅವರು ಮಲಗಿರತಕ್ಕದ್ದು.

6. ಗಾಳಿ ಪೂರ್ತಿ ಹೋಯಿತೇ ಎಂಬುದನ್ನು ಪೆಡಲ್ ಮೇಲಿನ ಕಾಲು ತೀರ್ಮಾನಿಸುತ್ತದೆ. ಕಡತದಲ್ಲಿ "ಗಟ್ಟಿಯಾಗಿದೆ" ಎಂದು ಬರೆದು ಸಹಿ ಮಾಡಿದ ಮಾತ್ರಕ್ಕೆ ಪೆಡಲ್ ಗಟ್ಟಿಯಾಗುವುದಿಲ್ಲವೆಂಬುದು ಎರಡು ಬಾರಿ ಸಾಬೀತಾಗಿದೆ.

7. ಈ ಸುತ್ತೋಲೆಯ ಕರಡು ಹೊರಬಿದ್ದ ಮೇಲೆ, ಎರಡೂ ಕಚೇರಿಗಳ ಒಂಬತ್ತು ಮಂದಿ ಮಹಿಳಾ ಸಿಬ್ಬಂದಿ ಪೆಡಲ್ ಕರ್ತವ್ಯ ಕೋರಿ ಅರ್ಜಿ ಸಲ್ಲಿಸಿದ್ದಾರೆ. ಕಾರಣದ ಅಂಕಣದಲ್ಲಿ ಎಲ್ಲರೂ "ಸ್ವಲ್ಪ ಹೊತ್ತು ಕೂರಲು" ಎಂದು ಬರೆದಿದ್ದಾರೆ. ಸದ್ಯ ಜೀಪಿನಲ್ಲಿ ಗಾಳಿ ಇಲ್ಲದ ಕಾರಣ ಅರ್ಜಿಗಳನ್ನು ಕಾಯ್ದಿರಿಸಲಾಗಿದೆ. ಅವುಗಳಲ್ಲಿ ಒಂದು ಕೆಳಗೆ ಸಹಿ ಮಾಡಿದವರದೇ ಆಗಿದ್ದು, ಅದನ್ನು ಹಿಂಪಡೆಯಲಾಗಿಲ್ಲ.

8. ಹುಲಸೂರಿನ ವರ್ಗಾವಣೆ ಪ್ರಸ್ತಾವನೆಯನ್ನು ಕೈಬಿಡಲಾಗಿದೆ.

ಸಹಿ/-
(ವಿಶಾಖಾ)
ಉಪವಿಭಾಗೀಯ ಅಧಿಕಾರಿ, ಹುಮನಾಬಾದ

ಪ್ರತಿಗಳು:
1. ಶ್ರೀ ಪ್ರೇಮಕುಮಾರ, ಶಾಖಾಧಿಕಾರಿ, ಬಸವಕಲ್ಯಾಣ: ಸುರಕ್ಷಿತವಾಗಿ ಇರುವುದರಿಂದ, ಖುದ್ದಾಗಿ.
2. ಗುಮಾಸ್ತರು: ಕರ್ತವ್ಯ ಪಟ್ಟಿಯಲ್ಲಿ ಎರಡೂ ಕಾಲುಗಳನ್ನು ಸೇರಿಸಿಕೊಳ್ಳಲು.
3. ಕಾಸಿಂ ಮಿಸ್ತ್ರಿ: ಜೀಪಿನ ಅಡಿಗೆ ಸರಿಸತಕ್ಕದ್ದು.
4. ಶ್ರೀಮತಿ ಜಗದೇವಿ, ಅಟೆಂಡರ್: ಅವರು ಕುಳಿತಲ್ಲಿಗೇ ಹೋಗಿ ಕೊಡತಕ್ಕದ್ದು. ಎದ್ದು ನಿಂತಲ್ಲಿ, ಮೊದಲು ಕೂರಿಸಿ, ಆಮೇಲೆ ಕೊಡತಕ್ಕದ್ದು.