ಶೇಂಗಾ ಉಂಡೆಯ ಪರೀಕ್ಷೆ

ಹಲ್ಲುಜ್ಜಬೇಕೆಂದು ಹೇಳುವುದಕ್ಕೆ ಹಲ್ಲುಜ್ಜಿರಬೇಕಾಗಿಲ್ಲ. ಇದು ನಿಮಗೂ ಗೊತ್ತಿರುವ ಸಂಗತಿ. ಆದರೂ ಸ್ಕೂಲ್ ಇನ್‌ಸ್ಪೆಕ್ಟರು ಕುದುರೆಯಿಂದಿಳಿದು "ಆರೋಗ್ಯಕ್ಕೆ ಏನು ಮಾಡಬೇಕು?" ಎಂದು ಕೇಳಿ, ಮಕ್ಕಳೆಲ್ಲ ಒಂದೇ ರಾಗದಲ್ಲಿ "ಶುಚಿಯಾಗಿರಬೇಕು ಸಾರ್" ಎಂದು ಕೂಗಿದರೆ ಸಾಕು, ಊರಿಗೆ ಊರೇ ತಲೆದೂಗುತ್ತದೆ. ನಾನು ತೂಗುವವನಲ್ಲ. (ಪೊಟ್ಟಣ ಕಟ್ಟಿದ ಕಾಗದ ಓದಿಯೇ ಅಕ್ಷರ ಕಲಿತು, ಈಗ ಪತ್ರಿಕೆಗೆ ಬರೆಯುತ್ತಿರುವವನು ನಾನು. ಮೇಷ್ಟ್ರ ಏಟಿಗೆ ಹೆದರಿ ಕಲಿತದ್ದನ್ನು ನಂಬುವುದಿಲ್ಲ.)

ಮಾರಿಕಣಿವೆಗೆ ಅಷ್ಟು ದೊಡ್ಡ ಕಟ್ಟೆ ಎದ್ದು ನಿಂತರೂ ಐಮಂಗಲದ ಪಕ್ಕದ ನಮ್ಮೂರಿನ ಸ್ಕೂಲಿಗೆ ಇನ್ನೂ ಗೋಡೆ ಎದ್ದಿಲ್ಲ, ಚಾವಡಿಯಲ್ಲೇ ಪಾಠ. ನನ್ನ ಮಗಳು ಶಿವಗಂಗಿ ಅಲ್ಲೇ ಓದುತ್ತಾಳೆ. ಮೊನ್ನೆ ನಾನೇ ಹೋಗಿ, "ಎಲ್ಲೆಂದರಲ್ಲಿ ಉಗುಳಬಾರದು" ಎಂದು ಮಕ್ಕಳ ಕೈಲಿ ಸ್ಲೇಟಿನ ಮೇಲೆ ಬರೆಯಿಸಿದೆ. ಮುತ್ತಿನಂಥ ಅಕ್ಷರಗಳು! ಮರುಗಳಿಗೆಯಲ್ಲೇ ಇಡೀ ಕ್ಲಾಸು ಸ್ಲೇಟಿನ ಮೇಲೆ 'ಥೂ' ಎಂದು ಉಗುಳಿ, ಆ ಸುವಾಕ್ಯವನ್ನು ಅಂಗೈಯಿಂದ ಒರೆಸಿಹಾಕಿತು.

ಅಜ್ಜಪ್ಪ ಮೇಷ್ಟ್ರು ಕೆಮ್ಮಿದರು. "ಸ್ಲೇಟು ಅಂದ್ರೆ ಎಲ್ಲೆಂದರಲ್ಲಿ ಅಲ್ಲವಲ್ಲ, ಗಂಗಾಧರಪ್ಪನೋರೇ."

ಮನೆಗೆ ಬಂದವನೇ ತೀರ್ಪು ಕೊಟ್ಟೆ. "ಶಿವಗಂಗಿ ನಾಳೆಯಿಂದ ಸ್ಕೂಲಿಗೆ ಹೋಗೋದು ಬ್ಯಾಡ. ಉಗುಳೋದನ್ನ ಮನೇಲೇ ಕಲೀಲಿ."

ನನ್ನ ಹೆಂಡತಿ ಕೊಟ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಓದು ಬಿಡಿಸಾಕೆ ಒಂದು ನೆಪ ಬೇಕಿತ್ತು, ಸಿಕ್ತು. ನಾನಂತೂ ಹೆಬ್ಬೆಟ್ಟು. ನನ್ನ ಮಗಳೂ ಹೆಬ್ಬೆಟ್ಟೇ ಒತ್ಬೇಕೇನ್ರೀ?"

"ಒತ್ಲಿ. ಹೆಬ್ಬೆಟ್ಟಾದ್ರೂ ಚೊಕ್ಕಟ ಇರ್ತೈತೆ!"

"ಹಂಗಾದ್ರೆ ಪರೀಕ್ಷೆ ಮಾಡ್ರಿ. ಬಾಯಿಪಾಠ ಬ್ಯಾಡ, ಮಾಡಿ ತೋರಿಸಾ ಪರೀಕ್ಷೆ. ಹುಡುಗ್ರು ಗೆದ್ರೆ ಶಿವಗಂಗಿ ಓದ್ತಾಳೆ. ಸೋತ್ರೆ ನಾನು ತುಟಿ ಬಿಚ್ಚಲ್ಲ."

(ಕೊಟ್ರಮ್ಮ ತುಟಿ ಬಿಚ್ಚದ ಮನೆ! ನಾನು ಆ ಕ್ಷಣವೇ ಒಪ್ಪಿದೆ.)

ನನ್ನ ಉಪಾಯ ಕೇಳಿ. ನಮ್ಮ ಮನೆಯ ಪಡಸಾಲೆಯಲ್ಲಿ ತಟ್ಟೆ ತುಂಬ ಶೇಂಗಾ ಉಂಡೆ, ಬಾಗಿಲ ಬಳಿ ಒಂದು ಹಂಡೆ ನೀರು. ಕೈ ತೊಳೆಯಿರಿ ಎಂದು ಯಾರೂ ಹೇಳಕೂಡದು. ಹೇಳಿಸಿಕೊಳ್ಳದೆ ತೊಳೆದು ತಿಂದವರು ಪಾಸು. ಮೇಷ್ಟ್ರು ಕಣ್ಸನ್ನೆ ಮಾಡಿಯಾರೆಂದು ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಬಳೆ ಅಲ್ಲಾಡಿಸಿ ಸಂಜ್ಞೆ ಕೊಟ್ಟಾಳೆಂದು ಹೆಂಡತಿಯನ್ನು ಅಡಿಗೆಮನೆಗೆ ಅಟ್ಟಿದೆ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಮಕ್ಕಳು ಬಂದು ಸಾಲಾಗಿ ಕುಂತವು. ಇಂಥ ಘನಕಾರ್ಯಕ್ಕೆ ಮೆದುಳು ಚುರುಕಾಗಿರಬೇಕಲ್ಲ, ಒಂದು ಚಿಟಿಕೆ ನಶ್ಯ ಏರಿಸಿದೆ. ಬ್ರಹ್ಮಾಂಡವೇ ಬಿರಿಯುವಂಥ ಸೀನು ಬಂತು. ಮೂಗು ಒರೆಸಿಕೊಂಡು, ಬೆರಳನ್ನು ಹಂಡೆಯ ನೀರಿಗದ್ದಿ ಜಾಡಿಸಿ, ಉಂಡೆ ಎತ್ತಿ ನೀಡಿದೆ. "ತಗಳ್ರಿ, ತಿನ್ರಿ!"

ಒಬ್ಬರೂ ಮೇಲೇಳಲಿಲ್ಲ. ಹಂಡೆಯ ಹತ್ತಿರ ಸುಳಿಯಲಿಲ್ಲ. ಎಲ್ಲವೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡವು. ಓದು ನಿಂತೇಹೋಯಿತೆಂದು ಶಿವಗಂಗಿಯ ಕಣ್ಣಲ್ಲಿ ಬಳಬಳ ನೀರು. ಆದರೂ ಅವಳು ಸಹ ಕೈ ಮುಂದಕ್ಕೆ ತರಲಿಲ್ಲ.

"ಬಾರೇ ಕೊಟ್ರಿ!" ಎಂದು ಗೆದ್ದವನ ಹಾಗೆ ಕೂಗಿದೆ. "ಒಬ್ರಾದ್ರೂ ಕೈ ತೊಳುದ್ರಾ ನೋಡು! ಮುಗೀತು ಸ್ಕೂಲು!"

ಕೊಟ್ರಮ್ಮ ಬಂದು ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕುಂತಳು. "ಯಾಕ್ರವ್ವಾ, ಉಂಡೆ ಬ್ಯಾಡ್ವಾ?"

ಹುಲಿಗೆಮ್ಮ ಎಂಬ ಪೋರಿ ನನ್ನ ಮೂಗನ್ನೇ ನೋಡುತ್ತ ಅಂದಳು: "ಬೇಕು ಕಣತ್ತೆ. ಆದ್ರೆ ಮಾವ ಉಂಡೆ ಮ್ಯಾಗೇ ಸೀನಿದ್ರು. ಮೂಗೊರೆಸಿದ ಬೆಟ್ಟನ್ನ ಆ ನೀರಾಗೇ ಅದ್ದಿದ್ರು. ಅದ್ರಾಗೆ ತೊಳುದ್ರೆ ಚೊಕ್ಕಟಿರೋ ಕೈನೂ ಹೊಲಸಾಗ್ತೈತಲ್ಲ?"

ಗೋಡೆ ನೋಡುತ್ತಿದ್ದ ಮೇಷ್ಟ್ರ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾರೇನೋ ಎಂದುಕೊಂಡೆ. ಅಳು ಅಲ್ಲ.

ಕೊಟ್ರಮ್ಮ ಹಂಡೆಯ ನೀರನ್ನು ನುಗ್ಗೆ ಗಿಡದ ಬುಡಕ್ಕೆ ಸುರಿದು, ಹೊಸ ನೀರು ತಂದು ಚೊಂಬಿನಲ್ಲಿ ಹುಯ್ಯುತ್ತ ನಿಂತಳು. ಮಕ್ಕಳು ನಾ ಮುಂದು ತಾ ಮುಂದು ಎಂದು ಓಡಿ, ಅಂಗೈ, ಮುಂಗೈ, ಬೆರಳ ಸಂದು ಎಲ್ಲವನ್ನೂ ತಿಕ್ಕಿ ತೊಳೆದವು. ಬೇರೆ ಡಬ್ಬಿಯಿಂದ ಬೇರೆ ಉಂಡೆ ಬಂದವು. ನನ್ನ ತಟ್ಟೆಯನ್ನು ಅವಳು ನನ್ನ ಮುಂದಕ್ಕೇ ತಳ್ಳಿದಳು.

"ಇವು ನಿಮ್ಮವು. ಒಂದೂ ಬಿಡದಂಗೆ ತಿನ್ರಿ."

ತಿನ್ನುತ್ತಲೇ ಇದನ್ನು ಬರೆಯುತ್ತಿದ್ದೇನೆ. ಶಿವಗಂಗಿ ಸ್ಕೂಲಿಗೆ ಹೋಗಿದ್ದಾಳೆ. ನಶ್ಯದ ಡಬ್ಬಿ ಜಪ್ತಿಯಾಗಿದೆ. ನನ್ನ ಕೈ ಮೂಸಿ ನೋಡದೆ ಮಗಳು ನನಗೆ ತಟ್ಟೆ ಇಡಗೊಡುವುದಿಲ್ಲ; ನಿನ್ನೆ ರಾತ್ರಿ ಫೇಲಾದೆ, ಮುದ್ದೆ ಆರಿಹೋಯಿತು.

ನೀವು ನಗಬೇಡಿ. ನಿಮ್ಮ ಮೇಲೂ ನನಗೆ ಗುಮಾನಿಯಿದೆ. ನಿಮ್ಮ ಮನೆಯ ಹುಡುಗಿಯನ್ನು ಸ್ಕೂಲಿಗೆ ಕಳಿಸದಿರಲು ನೀವು ಹೂಡಿರುವ ನೆಪ ಯಾವುದು, ಗಟ್ಟಿಯಾಗಿ ಹೇಳಿ. ಹೇಳಲು ನಾಚಿಕೆಯಾದರೆ ಬೆಳಗಾಗುತ್ತಲೇ ಅವಳನ್ನು ಕಳಿಸಿ. ಅದಕ್ಕೂ ಮೊದಲು, ಈಗಲೇ, ಈ ಪತ್ರಿಕೆಯನ್ನು ಕೆಳಗಿಟ್ಟು ನಿಮ್ಮ ಎರಡೂ ಕೈಗಳನ್ನು ಅವಳಿಗೆ ತೋರಿಸಿ!