ಸೂರ್ಯನಿಗೊಂದು ಸ್ಟೀಲ್ ಪಾತ್ರೆ

ಕೊಯಮತ್ತೂರಿನಲ್ಲಿ ಪಂಪ್ ತಯಾರಿಸಿ ಮಾರಲು ಕೂತವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಬಾವಿಗೆ, ಬಾಯ್ಲರಿಗೆ, ಕಾರಂಜಿಗೆ ಅಂತ ಬರುತ್ತಿದ್ದವರ ನಡುವೆ ಹೋದ ವರ್ಷ ಸೂರ್ಯನಿಗೆ ಬೇಕು ಅಂತ ಒಬ್ಬರು ಬಂದರು. ಉತ್ತರದ ಒಂದು ಸಂಶೋಧನಾಲಯದ ಎಂಜಿನಿಯರ್, ದಾವಣಗೆರೆ ಕಡೆಯ ಹುಡುಗ. ಸೂರ್ಯನೊಳಗೆ ನಡೆಯುವ ಹಾಗೆ ಪರಮಾಣುಗಳನ್ನು ಬೆಸೆದು ಕರೆಂಟ್ ತೆಗೆಯುವ ಯಂತ್ರವಂತೆ. ಅದಕ್ಕೆ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದರೂ ಸೋರದ ಒಂದು ಸ್ಟೀಲ್ ಪಾತ್ರೆ ಬೇಕಿತ್ತು. ನಾನು ಒಪ್ಪಿಕೊಂಡೆ. ಪಾತ್ರೆ ಸೋರಿದರೆ ನಮ್ಮ ಪಂಪನ್ನೂ ಇನ್ನು ಯಾರೂ ನಂಬುವುದಿಲ್ಲ ಎಂದು, ಜೊತೆಗೆ ಶೆಡ್ ನಡೆಸುವ ನನ್ನ ಅಣ್ಣ ಅವತ್ತಿನಿಂದ ಗೊಣಗತೊಡಗಿದ.

ಕನೆಕ್ಷನ್ ಯಾವಾಗ

ಸುದ್ದಿ ತಿರುಪ್ಪೂರಿಗೆ ಮುಟ್ಟಿತು. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕದ ಯಜಮಾನ, ನನ್ನ ಹಳೇ ಗಿರಾಕಿ, ಫೋನ್ ಮಾಡಿ ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದ. "ಏನುಂಗ, ಸೂರ್ಯನ ಕರೆಂಟಂತೆ. ನಮಗೆ ಯಾವಾಗ ಕನೆಕ್ಷನ್?"

ಎಂಜಿನಿಯರನ್ನು ಕೇಳಿದೆ. "ಇನ್ನೊಂದು ಮೂವತ್ತು ವರ್ಷ ಸರ್."

"ನಿಮ್ಮ ಮೇಷ್ಟ್ರು ಓದುವಾಗ ಎಷ್ಟು ಅಂತಿದ್ದರು?"

"ಮೂವತ್ತೇ."

ಹಾಗೇ ತಿರುಪ್ಪೂರಿಗೆ ಹೇಳಿದೆ. ಅವನು ನಿಟ್ಟುಸಿರುಬಿಟ್ಟ. "ಕೊಟ್ಟ ಗಡುವನ್ನು ಇಷ್ಟು ಕಾಲ ಬದಲಾಯಿಸದ ಸಪ್ಲೈಯರನ್ನು ನಾನು ಕಂಡೇ ಇಲ್ಲ. ಹಿಡಿದುಕೊಳ್ಳಿ, ಬಿಡಬೇಡಿ."

ಲಾಭ

ಒಂದು ದಿನ ಇದೇ ಯಜಮಾನ ನಮ್ಮ ಶೆಡ್ಡಿಗೆ ಬಂದಿದ್ದ. ಎಂಜಿನಿಯರ್ ಹುರುಪಿನಿಂದ ವಿವರಿಸಿದರು: ಅಮೆರಿಕದಲ್ಲಿ ಇಂಧನದ ಒಂದು ಸಣ್ಣ ಗುಂಡಿನ ಮೇಲೆ ಲೇಸರ್ ಬೆಳಕು ಬಿಟ್ಟರು, ಬಿಟ್ಟ ಶಕ್ತಿಗಿಂತ ಹೆಚ್ಚು ಹೊರಬಂತು.

"ಲೇಸರ್ ಹೊತ್ತಿಸೋಕೆ ಗೋಡೆಯ ಪ್ಲಗ್ಗಿನಿಂದ ಎಳೆದ ಕರೆಂಟು?" ಎಂದೆ.

ಎಂಜಿನಿಯರ್ ಟೀ ಲೋಟ ಕೆಳಗಿಟ್ಟರು. "ಅದನ್ನು ಸೇರಿಸಿಲ್ಲ ಸರ್. ಸೇರಿಸಿದರೆ ತುಂಬಾ ಹಿಂದಿದ್ದೇವೆ. ಆದರೆ ಮೊದಲು ಇಷ್ಟೂ ಆಗಿರಲಿಲ್ಲ."

ಯಜಮಾನ ಅವರ ಭುಜ ತಟ್ಟಿದ. "ಬೇಜಾರಾಗಬೇಡಪ್ಪ. ನನ್ನ ಭಾವಮೈದುನನ ಬೇಕರಿನೂ ಲಾಭದಲ್ಲೇ ಇದೆ. ಬಾಡಿಗೆ, ಸಂಬಳ, ಮೈದಾಹಿಟ್ಟು ಇಷ್ಟು ಬಿಟ್ಟರೆ."

ಸದ್ಯಕ್ಕೆ ಇರುವುದು

ಮೊದಲ ಪರೀಕ್ಷೆಯಲ್ಲೇ ಪಾತ್ರೆಯ ಬೆಸುಗೆ ಸೋರಿತು. ಅಣ್ಣ ಎಂಜಿನಿಯರನ್ನು ಹಿಡಿದುಕೊಂಡ.

"ಸೂರ್ಯನಷ್ಟು ಬಿಸಿಯನ್ನು ಹಿಡಿದಿಡೋದು ಹೇಗೆ?"

"ಅಯಸ್ಕಾಂತದಿಂದ. ಗೋಡೆಗೆ ತಾಗದ ಹಾಗೆ ತೇಲಿಸ್ತೀವಿ. ಈಗೀಗ ಕೆಲವು ಕಡೆ ನಿಮಿಷಗಟ್ಟಲೆ ನಿಲ್ಲುತ್ತೆ."

"ಗೋಡೆ ಎಷ್ಟು ವರ್ಷ ತಾಳುತ್ತೆ?"

"ಇನ್ನೂ ಗೊತ್ತಿಲ್ಲ."

"ಇಂಧನ?"

"ಒಂದು ಪಾಲು ಸಮುದ್ರದ ನೀರಲ್ಲಿದೆ. ಇನ್ನೊಂದು ಪಾಲನ್ನು ಯಂತ್ರದೊಳಗೇ ಹುಟ್ಟಿಸಬೇಕು. ಸಾಕಾಗುವಷ್ಟು ಇನ್ನೂ ಯಾರೂ ಹುಟ್ಟಿಸಿಲ್ಲ."

"ಹಾಗಾದರೆ ಸದ್ಯಕ್ಕೆ ಇರೋದೇನು?"

"ಪಾತ್ರೆ ಸರ್."

"ಅದೂ ಸೋರ್ತಾ ಇದೆ," ಎಂದು ಅಣ್ಣ ಊಟಕ್ಕೆ ಹೋದ.

ಬೊಟ್ಟು

ಮತ್ತೆ ಬೆಸೆದೆವು. ಗ್ಲೌಸ್ ಹಾಕಿಕೊಂಡು ತೊಳೆದೆವು. ಗಾಳಿ ಹೀರುವ ಪಂಪ್ ಓಡಿಸಿದರೆ ಮೀಟರಿನ ಮುಳ್ಳು ಅರ್ಧಕ್ಕೆ ಇಳಿದು ನಿಂತುಬಿಟ್ಟಿತು. ಎಲ್ಲಿ ಹುಡುಕಿದರೂ ಸೋರಿಕೆ ಇಲ್ಲ. ಕೊನೆಗೆ ಎಂಜಿನಿಯರ್ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರು. ಒಳಬಾಯಿಯಲ್ಲಿ ದಪ್ಪಗೆ ಗಂಧ, ಮೇಲೆ ಕುಂಕುಮ.

ಪೂಜೆಯಾಗದೆ ನಮ್ಮ ಶೆಡ್ಡಿನಿಂದ ಯಾವ ಪಂಪೂ ಆಚೆ ಹೋಗುವುದಿಲ್ಲ. ಹೊರಗೆ ಹಚ್ಚಿದರೆ ಪೇಂಟ್ ಕೆಡುತ್ತದೆಂದು ಒಳಗೇ ಹಚ್ಚುವುದು ರೂಢಿ.

ಎಂಜಿನಿಯರ್ ಟಾರ್ಚ್ ಆರಿಸಿದರು. "ಒಂದು ಬೆರಳಚ್ಚಿದ್ದರೂ ಆವಿ ಬಿಡ್ತಾ ಇರುತ್ತೆ, ಮುಳ್ಳು ಇಳಿಯಲ್ಲ. ನೀವು ಗಂಧ ಮೆತ್ತಿದ್ದೀರಿ."

"ಸೂರ್ಯಂಗೆ ಅಂದ್ರಲ್ಲ ಸಾರ್," ಎಂದ ನಮ್ಮ ಮೇಸ್ತ್ರಿ. "ಅದಕ್ಕೇ ವಸಿ ಜಾಸ್ತಿ ಹಚ್ಚಿದೆ."

ಮತ್ತೆ ತೊಳೆದು, ಬಿಸಿಮಾಡಿ ಒಣಗಿಸಿ, ಪಂಪ್ ಹಚ್ಚಿದೆವು. ಮುಳ್ಳು ಇಳಿಯಿತು, ಇಳಿಯಿತು, ತಳಕ್ಕೆ ಇನ್ನೇನು ಕೂದಲೆಳೆ ಇದೆ ಅನ್ನುವಾಗ ನಿಂತಿತು. ಎಂಜಿನಿಯರ್ ಬಹಳ ಹೊತ್ತು ಮುಳ್ಳನ್ನು ನೋಡಿ, ಮೇಸ್ತ್ರಿಯನ್ನು ನೋಡಿದರು.

"ಈ ಸಲ ಪೂಜೆ ಮಾಡಿಲ್ವಾ?"

"ನೀವೇ ಬೇಡ ಅಂದ್ರಿ ಸಾರ್."

"ಹೊರಗಡೆ ಒಂದು ಬೊಟ್ಟು ಇಡಿ. ಗ್ಲೌಸ್ ಹಾಕ್ಕೊಂಡು."

ಮೇಸ್ತ್ರಿ ಇಟ್ಟ. ಪಂಪಿಗೆ ಅಷ್ಟು ಹೊತ್ತು ಬೇಕಾಗಿತ್ತೋ ಏನೋ, ಸಂಜೆಗೆ ಮುಳ್ಳು ತಳ ಮುಟ್ಟಿತು. ಪಾತ್ರೆ ಪಾಸಾಯಿತು.

ಲಾರಿಗೆ ಹೇರುವಾಗ, ವಿಜ್ಞಾನಿಗಳು ನೋಡಿದರೆ ನಕ್ಕಾರು ಎಂದು ಅಣ್ಣ ಬಟ್ಟೆ ಹಿಡಿದು ಬೊಟ್ಟು ಒರೆಸಲು ಹೋದ. ಎಂಜಿನಿಯರ್ ಅವನ ಕೈ ಹಿಡಿದರು.

"ಇರಲಿ ಬಿಡಿ ಸರ್. ಅಲ್ಲಿ ತಲುಪಿದ ಮೇಲೆ ಇನ್ನೊಂದು ಟೆಸ್ಟ್ ಇದೆ."