ಬಲಗೊಂಬು ನುಂಗಿದ ಕಿಟಕಿಯವರ ಸನ್ನಿಧಾನಕ್ಕೆ

ನರಿನ್
ಅಕ್ಟೋಬರ್, ಮೊದಲ ಹಿಮ ಬಿದ್ದ ದಿನ

ಮಾನ್ಯ ಕಿಟಕಿಯವರೇ,

ನಮ್ಮ ತಾಂತ್ರಿಕ ಶಾಲೆಯ ಏಳನೇ ನಂಬರಿನ ಕಂಪ್ಯೂಟರಿನಲ್ಲಿ, ಆರುನೂರು ಚುಕ್ಕೆ ಅಗಲ, ನಾನೂರು ಚುಕ್ಕೆ ಎತ್ತರದ ಭವ್ಯ ಗಾತ್ರದಲ್ಲಿ, ನಾನೇ ಬರೆದ ಪ್ರೋಗ್ರಾಮಿನ ಅಪ್ಪಣೆಯಂತೆ ತೆರೆದುಕೊಳ್ಳುವ ತಮಗೆ, ಇದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದ ಕಲಿಪಾ ಎಸೆನಾಲಿಯೆವಾ ಮಾಡುವ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮಂಥವರಿಗೆ ಏನೂ ಆಗುವುದಿಲ್ಲ.

ಕಳೆದ ಚಳಿಗಾಲದಲ್ಲಿ ಶಾಲೆಯವರು ಒಂದು ತೀರ್ಮಾನಕ್ಕೆ ಬಂದರು: ಇನ್ನು ಡ್ರಾಯಿಂಗ್ ಪಾಠವೆಲ್ಲ ಕಂಪ್ಯೂಟರಿನಲ್ಲೇ ನಡೆಯತಕ್ಕದ್ದು, ಮೇ ತಿಂಗಳ ಪರೀಕ್ಷೆಯಲ್ಲಿ ಕಲಿಪಾ ಒಂದು ಚಿತ್ರದ ಪ್ರೋಗ್ರಾಂ ಬರೆದು ತೋರಿಸಿದರೆ ತರಗತಿ ಅವಳದು, ತಪ್ಪಿದರೆ ಬಾಗಿಲ ಬಳಿಯ ಕೋಟುಕೋಣೆಯಲ್ಲಿ ಮಕ್ಕಳ ಕೋಟುಗಳನ್ನು ತೂಗುಹಾಕುವ ಕೆಲಸ. ನನಗೆ ಕಲಿಸಲು ಬಂದವನು ಮೆದೆರ್ಬೆಕ್. ಒಂದು ಕಾಲಕ್ಕೆ ನನ್ನದೇ ಶಿಷ್ಯ, ಕೈವಾರ ಹಿಡಿದು ವೃತ್ತ ಬರೆಯೋ ಎಂದರೆ ಮೊಟ್ಟೆ ಬರೆಯುತ್ತಿದ್ದವನು. ಆದರೂ ಅಕ್ಕನಿಗೆ ಹೇಳುವಂತೆ "ಏಜೆ, ಏಜೆ" ಎಂದು ಗೌರವದಿಂದಲೇ ಶುರುಮಾಡಿದ.

"ಏಜೆ, ನೀವು ಕಿಟಕೀನ ಕರೆಯೋ ಹಾಗಿಲ್ಲ. ಏನೇನು ಮಾಡ್ಬೇಕು ಅಂತ ಬರೆದಿಟ್ಟು ಸುಮ್ನೆ ಕೂತ್ಕೊಳ್ಳಿ. ಯಾರಾದ್ರೂ ಕೀಲಿ ಒತ್ತಿದ್ರೆ, ಮೌಸ್ ಅಲ್ಲಾಡಿಸಿದ್ರೆ, ಅದೇ ನಿಮ್ಮನ್ನ ಕರೆಯುತ್ತೆ," ಎಂದ.

"ಕರೀದೇ ಇದ್ರೆ?" ಎಂದೆ.

"ಕಾಯ್ತಾ ಇರಿ," ಎಂದ.

ಮಾನ್ಯರೇ, ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ನಾನು ಕಾದಿದ್ದೇನೆ, ಹಲ್ಲಿನ ಡಾಕ್ಟರ ಬಾಗಿಲಲ್ಲೂ ಕಾದಿದ್ದೇನೆ. ಆದರೆ ನಾನೇ ಕಟ್ಟಿದ ಕಿಟಕಿಯ ಮುಂದೆ ಕೈಕಟ್ಟಿ ನಿಲ್ಲುವ ಭಾಗ್ಯವನ್ನು ಕರುಣಿಸಿದವರು ತಾವೊಬ್ಬರೇ. ಶಿರ್ದಾಕ್ ಕಂಬಳಿಯ ಟಗರುಕೊಂಬಿನ ಚಿತ್ತಾರವನ್ನು, ಎಂದರೆ ಕೆಂಪು ಕಪ್ಪು ಉಣ್ಣೆಹಾಸುಗಳನ್ನು ಒಟ್ಟಿಗಿಟ್ಟು ಕತ್ತರಿಸಿ ನಮ್ಮ ಹೆಂಗಸರು ಹೊಲಿಯುವ ಜೋಡಿಕೊಂಬನ್ನು, ನಾನು ತಮ್ಮೊಳಗೆ ಬರೆಯಹೊರಟೆ. ತಮ್ಮ ಚುಕ್ಕೆಗಳ ಎಣಿಕೆ ಮೇಲಿನ ಮೂಲೆಯಿಂದ ಕೆಳಕ್ಕೆ ಇಳಿಯುತ್ತದೆಂದು ಯಾರಿಗೆ ಗೊತ್ತಿತ್ತು! ಕೊಂಬು ತಲೆಕೆಳಗಾಗಿ ಮೂಡಿತು. ಮೊದಲ ದಿನದ ಚಿತ್ರವನ್ನು ಫೋನಿನಲ್ಲಿ ನೋಡಿದ ನಮ್ಮತ್ತೆ, "ಇದೇನೇ, ಸತ್ತು ಬಿದ್ದಿರೋ ಟಗರಾ?" ಎಂದು ಕೇಳಿದರು. ಇನ್ನು, ರೊಟ್ಟಿ ಮುರಿದು ಬಾಯಿಗಿಡದೆ ಯಾರೂ ನಮ್ಮ ಹೊಸಿಲು ದಾಟುವುದಿಲ್ಲವಾದ್ದರಿಂದ, ಪ್ರೋಗ್ರಾಮಿನ ಕೊನೆಯಲ್ಲಿ "ಹೋಗುವ ಮೊದಲು ರೊಟ್ಟಿ ರುಚಿ ನೋಡಿ" ಎಂದು ಒಂದು ಸಾಲು ಬರೆದಿದ್ದೆ. ಯಾರು ಕೀಲಿ ಒತ್ತುತ್ತಾರೋ ಎಂದು ಕಾಯುವ ತಮ್ಮ ಸುತ್ತು ಒಮ್ಮೆ ಶುರುವಾದರೆ ಅದರ ಕೆಳಗಿನ ಸಾಲಿಗೆ ಬರುವುದೇ ಇಲ್ಲವಂತೆ. ತಮ್ಮನ್ನು ಮುಚ್ಚಿದಾಗಲೆಲ್ಲ ತಾವು ಹಸಿದ ಹೊಟ್ಟೆಯಲ್ಲೇ ಹೋದಿರಿ. ನನಗೆ ಅದು ಇವತ್ತಿಗೂ ಸರಿಬರುವುದಿಲ್ಲ.

ಪರೀಕ್ಷೆಗೆ ವಾರವಿರುವಾಗ ಮೆದೆರ್ಬೆಕ್ ಎಚ್ಚರಿಸಿದ್ದು ನಿಜ. "ಏಜೆ, ನಮ್ಮವು ಹಳೇ ಯಂತ್ರ. ಕಿಟಕಿ ಮೇಲೆ ಏನಾದ್ರೂ ಅಡ್ಡ ಬಂದು ಹೋದ್ರೆ ಅಲ್ಲಿದ್ದದ್ದು ಅದಕ್ಕೆ ನೆನಪಿರಲ್ಲ. ಮತ್ತೆ ಬರೆಯಿರಿ ಅಂತ ಕರೆಯುತ್ತೆ. ಕರೆದಾಗಲೆಲ್ಲ ಎಲ್ಲಾನೂ ಮೊದಲಿಂದ ಬರೀಬೇಕು."

ನನಗೆ ಮೈ ಉರಿಯಿತು. "ಮಸೀಲಿ ಎಳೆದ ಗೆರೆನ ಎರಡನೇ ಸಲ ಎಳೆಯೋನು ಕಸುಬು ಬರದೋನು ಕಣೋ. ಒಂದ್ಸಲ ಎಳೆದಾಯ್ತು ಅಂದ್ರೆ ಎಳೆದಾಯ್ತು," ಎಂದೆ. ತಮ್ಮ ಮೊದಲ ಕರೆಗೆ ಕೊಂಬನ್ನು ಬರೆದು, ಆಮೇಲಿನ ಕರೆಗಳಿಗೆಲ್ಲ "ಆಗಲೇ ಎಳೆದಾಗಿದೆ" ಎಂದುಕೊಂಡು ಸುಮ್ಮನಿರುವಂತೆ ಪ್ರೋಗ್ರಾಂ ಬರೆದೆ. ತಪ್ಪು ನನ್ನದೇ. ಆದರೆ ಮೂವತ್ತೊಂದು ವರ್ಷ ಮಕ್ಕಳಿಗೆ ನಾನು ಕಲಿಸಿದ್ದೂ ಅದನ್ನೇ.

ಪರೀಕ್ಷೆಯ ದಿನ ಪ್ರಾಂತ್ಯದ ಕಚೇರಿಯಿಂದ ಸುಯುಮ್ಕಾನ್ ಎಂಬ ಪರೀಕ್ಷಕಿ ಬಂದು ಪಕ್ಕದಲ್ಲಿ ಕುಳಿತರು. ತಾವು ತೆರೆದುಕೊಂಡಿರಿ, ಜೋಡಿಕೊಂಬು ನೆಟ್ಟಗೆ, ಚೆಂದವಾಗಿ ಮೂಡಿತು. ಆಕೆ ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ "ಇಂದು ಊಟಕ್ಕೆ ಮಂತಿ ಇದೆ" ಎಂಬ ಶಾಲೆಯ ಸೂಚನೆಯೊಂದು ತಮ್ಮ ಬಲಭಾಗದ ಮೇಲೆ ಹಾರಿಬಂದು ಕುಳಿತಿತು. ಆಕೆ ಅದನ್ನು ಮುಚ್ಚಿದರು. ಅಡಿಯಲ್ಲಿ ಬಲಗೊಂಬು ಇರಲಿಲ್ಲ. ಒಂದು ತಟ್ಟೆ ಮಂತಿಯ, ಎಂದರೆ ಮಾಂಸದ ಕಡುಬಿನ, ಸುದ್ದಿಗೆ ತಾವು ನನ್ನ ಮೂವತ್ತೊಂದು ವರ್ಷವನ್ನು ಮರೆತು ಬೆಳ್ಳಗೆ ನಗುತ್ತಿದ್ದಿರಿ.

ಏನು ಮಾಡಲಿ? ಉಣ್ಣೆಹಾಸಿನ ಮೇಲೆ ಗುರುತು ಹಾಕುವ, ತೊಳೆದರೂ ಹೋಗದ ಕಪ್ಪು ಮಾರ್ಕರ್ ಚೀಲದಲ್ಲಿತ್ತು. ಅದನ್ನು ತೆಗೆದು, ಒಂದೇ ಉಸಿರಿಗೆ, ಕಂಪ್ಯೂಟರಿನ ಗಾಜಿನ ಮೇಲೆಯೇ ಬಲಗೊಂಬನ್ನು ಎಳೆದುಬಿಟ್ಟೆ. ಎಡದ್ದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸುಯುಮ್ಕಾನ್ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿ ನೋಡಿದರು. ಆಮೇಲೆ ಮೌಸ್ ಹಿಡಿದು ತಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರು. ಎಡಗೊಂಬು ತಮ್ಮೊಡನೆ ಹೋಯಿತು, ಬಲಗೊಂಬು ನಿಂತಲ್ಲೇ ನಿಂತಿತು.

"ಇಂಥ ಗೆರೆ ನನ್ನ ಕೈಲಿ ಈ ಜನ್ಮಕ್ಕೆ ಬರಲ್ಲ ಏಜೆ. ಆದ್ರೆ ಗಾಜಿಗೆ ನಂಬರ್ ಕೊಡೋಕೆ ನನ್ನ ಹಾಳೇಲಿ ಜಾಗ ಇಲ್ಲ," ಎಂದರು ಆಕೆ. ನಾನು ಫೇಲಾದೆ. ಹೊರಗೆ ಬಂದು ಗೋಡೆಗೆ ಮುಖಮಾಡಿ ಅತ್ತೆ. ಸೆಪ್ಟೆಂಬರಿನಿಂದ ಕೋಟುಕೋಣೆಯಲ್ಲಿದ್ದೇನೆ.

ಆದ್ದರಿಂದ ತಮ್ಮ ಅವಗಾಹನೆಗೆ ಕೆಲವು ಬೇಡಿಕೆಗಳು. ಮರೆಯಲೇಬೇಕೆಂದಿದ್ದರೆ ಮಂತಿಯನ್ನು ಮರೆಯಿರಿ, ಕೊಂಬನ್ನಲ್ಲ. ಮೇಲೆ ಯಾರಾದರೂ ಬಂದು ಕುಳಿತರೆ ಎದ್ದು ಹೋಗಲು ಹೇಳುವಷ್ಟು ಬೆನ್ನುಮೂಳೆ ಬೆಳೆಸಿಕೊಳ್ಳಿ. ವರ್ಷಕ್ಕೊಮ್ಮೆ, ಯಾರೂ ಕೀಲಿ ಒತ್ತದಿದ್ದಾಗಲೂ, ಸುಮ್ಮನೆ ನನ್ನನ್ನು ಕರೆದು ಹೇಗಿದ್ದೀರಿ ಎಂದು ಕೇಳಿ. ಹಾಗೆ ಕೇಳಿದರೆ ನಾನು ಬಹುಶಃ ಕ್ಷಮಿಸಿಬಿಡುತ್ತೇನೆ.

ನೂರು ಸಲ ಕರೆದರೂ ಒಂದೇ ಸಲ ಗೆರೆ ಎಳೆಯುವ
ತಮ್ಮ ವಿಶ್ವಾಸಿ,
ಕಲಿಪಾ ಎಸೆನಾಲಿಯೆವಾ

ತಾ.ಕ.: ಗಾಜಿನ ಮೇಲಿನ ಗೆರೆಯನ್ನು ಒರೆಸಲು ಸ್ಪಿರಿಟ್ ಕೊಟ್ಟು ಮೆದೆರ್ಬೆಕ್‌ನನ್ನು ಎರಡು ಸಲ ಕಳಿಸಿದರು. ಎರಡು ಸಲವೂ ಬಾಟಲಿ ತೆರೆಯದೆಯೇ "ಹೋಗ್ತಾ ಇಲ್ಲ" ಎಂದು ವರದಿ ಕೊಟ್ಟಿದ್ದಾನೆ. ಈಗ ತನ್ನ ತರಗತಿಯ ಹುಡುಗ ಹುಡುಗಿಯರಿಗೆ, ಆ ಗೆರೆಗೆ ಸರಿಯಾಗಿ ಕೂಡುವಂಥ ಕೊಂಬಿನ ಪ್ರೋಗ್ರಾಂ ಬರೆಯಿರೆಂದು ಹೇಳಿದ್ದಾನೆ. ಇಪ್ಪತ್ತೆರಡು ಜನರಲ್ಲಿ ಒಬ್ಬರದೂ ಕೂಡಿಲ್ಲ. ನಿನ್ನೆ ಅಷ್ಟೂ ಜನ ಕೋಟು ತೆಗೆದುಕೊಳ್ಳಲು ಬಂದವರು, "ಏಜೆ, ಆ ತಿರುವಲ್ಲಿ ಕೈ ಹೇಗೆ ತಿರುಗಿಸಿದ್ರಿ?" ಎಂದು ಕೇಳುತ್ತಾ, ಗಂಟೆ ಹೊಡೆದರೂ ಹೋಗಲಿಲ್ಲ. ಸೀಮೆಸುಣ್ಣ ತಂದಿದ್ದರು, ಗೋಡೆಯ ಮೇಲೆ ಬರೆದು ತೋರಿಸಿದೆ. ತಮಗೂ ಕಲಿಸಬಹುದಿತ್ತು. ಆದರೆ ಕೋಟಿಲ್ಲದವರನ್ನು ನನ್ನ ಕೋಣೆಯೊಳಗೆ ಬಿಡುವುದಿಲ್ಲ.